ಅಕ್ಕ ಭೀಮಾ ದಾಟಿ, ನಾನು ಕೃಷ್ಣಾ ದಾಟಿ

ಪಂಚಮಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಜೋಕಾಲಿ ಆಡಿ, ಉಂಡಿ ತಿಂದು, ಗಂಡನ ಮನೆಯವರ ಮೇಲಿನ ವರ್ಷದ ಸಿಟ್ಟನ್ನೆಲ್ಲ ಅವ್ವನ ಮುಂದೆ ಖಾಲಿ ಮಾಡಿ ಬರುತ್ತಾರೆ. ನನಗೂ ಅಕ್ಕನಿಗೂ ಆ ಸವಲತ್ತು ಇಲ್ಲ. ಹಳೇ ಬಾಗಲಕೋಟೆಯಲ್ಲಿ ನಾವು ಹುಟ್ಟಿ ಬೆಳೆದ ಓಣಿ ಆಲಮಟ್ಟಿ ಹಿನ್ನೀರಿನೊಳಗೆ ಹೋಗಿ ಎರಡು ದಶಕದ ಮೇಲಾಯಿತು. ನವನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ಅವ್ವ ಕೊನೆಯವರೆಗೂ ‘ಸೆಕ್ಟರ್’ ಎಂದೇ ಕರೆದಳು, ‘ಮನಿ’ ಅನ್ನಲಿಲ್ಲ. ಇಬ್ಬರೂ ಹೋದ ಮೇಲೆ ಅದೂ ಮಾರಾಟವಾಯಿತು. ಅಣ್ಣತಮ್ಮಂದಿರಿಲ್ಲ. ಪಂಚಮಿಗೆ ಬಾ ಎಂದು ಕರೆಯುವ ಬಾಯಿ ಯಾವುದೂ ಉಳಿದಿಲ್ಲ.

ಅಕ್ಕ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದವಳು. ನಾನು ನವನಗರದಲ್ಲೇ ಇದ್ದೇನೆ. ಈ ಸಲ ಪಂಚಮಿಗೆ ನಮ್ಮ ಮನೆಗೇ ಬಾ ಎಂದು ಫೋನಿನಲ್ಲಿ ಕರೆದೆ.

“ನಾ ನಿಮ್ಮ ಮನಿಗೆ ಬಂದ್ರ ನೀ ಒಲಿ ಮುಂದ ನಿಂತಿರ್ತಿ. ನೀ ನಮ್ಮ ಮನಿಗೆ ಬಂದ್ರ ನಾ ನಿಂತಿರ್ತೀನಿ. ಮಾತಾಡೂದು ಯಾವಾಗ?” ಎಂದಳು ಅಕ್ಕ. ಸ್ವಲ್ಪ ತಡೆದು, “ಇಬ್ಬರಿಗೂ ಒಲಿ ಇಲ್ಲದ ಊರಿಗೆ ಹೋಗೂಣು” ಎಂದಳು.

ಅಂಥ ಊರು ನಮ್ಮಿಬ್ಬರ ನಡುವೆ ಸರಿಯಾಗಿ ಒಂದೇ ಇತ್ತು. ಸೊಲ್ಲಾಪುರದಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನ ಆಸುಪಾಸು, ಬಾಗಲಕೋಟೆಯಿಂದ ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ. ಒಂದೇ ರೈಲು ಹಳಿಯ ಮೇಲೆ ಅವಳು ಭೀಮಾ ದಾಟಿ ಬರಬೇಕು, ನಾನು ಕೃಷ್ಣಾ ದಾಟಿ ಹೋಗಬೇಕು. ವಿಜಯಪುರ. 2014ರಲ್ಲಿ ಹೆಸರು ಬದಲಾಗಿದ್ದರೂ ನಮ್ಮಿಬ್ಬರ ಬಾಯಲ್ಲಿ ಅದು ಇನ್ನೂ ವಿಜಾಪುರವೇ.

ಸೀತಿಮನಿ ದಾಟಿದ ಮೇಲೆ ರೈಲು ಸೇತುವೆಯ ಮೇಲೆ ಬರುತ್ತದೆ. ಶ್ರಾವಣದಲ್ಲಿ ಜಲಾಶಯ ತುಂಬಿರುತ್ತದೆ. ಕಿಟಕಿಯ ಎರಡೂ ಬದಿ ನೀರೇ ನೀರು. ಈಗ ಅಣೆಕಟ್ಟಿನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಪಾಯಿಂಟಿನ ಆಚೆಗಿನ ಆ ಮೂರು ಅಂಕಿಗಳನ್ನು ಬೇರೆ ಊರಿನವರು ನೆನಪಿಡಲಿಕ್ಕಿಲ್ಲ. ಬಾಗಲಕೋಟೆಯಲ್ಲಿ ಮುಳುಗಡೆಯ ಅಂಚಿನಲ್ಲಿರುವವರಿಗೆ ಅವು ಬಾಯಿಪಾಠ. ಎದುರು ಸೀಟಿನ ಹುಡುಗ ನೀರಿಗೆ ಮೊಬೈಲು ಹಿಡಿದು ವಿಡಿಯೊ ಮಾಡುತ್ತಿದ್ದ. ನಾನು ಆ ಕಡೆ ಹೆಚ್ಚು ನೋಡಲಿಲ್ಲ.

ಆಲಮಟ್ಟಿ, ಬಸವನ ಬಾಗೇವಾಡಿ ರೋಡ್, ಮುಳವಾಡ, ಜುಮನಾಳ. ನಡುವೆ ಎಲ್ಲೋ ಡೋಣಿ ಹೊಳೆ. ಆಮೇಲೆ ಕರಿಮಣ್ಣಿನ ಬಯಲಿನ ಅಂಚಿಗೆ ಬೋರಲು ಹಾಕಿದ ಗಡಿಗೆಯಂತೆ ಗೋಳಗುಮ್ಮಟ ಕಾಣಿಸಿತು. ಒಮ್ಮೆ ಕಂಡಿತೆಂದರೆ ಅದು ಬೆನ್ನು ಬಿಡುವುದಿಲ್ಲ. ಸ್ಟೇಷನ್ನಿಗೆ ಇಳಿದರೂ ಅಲ್ಲೇ ಇರುತ್ತದೆ, ನಡೆದುಹೋಗುವಷ್ಟು ಹತ್ತಿರ.

ನಾನು ಗೋಳಗುಮ್ಮಟ ನೋಡಿದ್ದು ಯಾವಾಗಲೂ ಹೀಗೇ, ಹೊರಗಿನಿಂದ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ನಮಗೆ ವಿಜಾಪುರವೆಂದರೆ ಜಿಲ್ಲಾ ಕಚೇರಿ. ಅಪ್ಪ ಕಾಗದದ ಕಟ್ಟು ಹಿಡಿದು ಹೋಗಿ, ದ್ರಾಕ್ಷಿ ತಂದುಕೊಡುವ ಊರು. ಅಕ್ಕ ಏಳನೇ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಟ್ರಿಪ್ ಹೋಯಿತು. ನನಗೆ ಜ್ವರ ಬಂದು ಮನೆಯಲ್ಲೇ ಉಳಿದೆ. ರಾತ್ರಿ ಮರಳಿದ ಅಕ್ಕ ನನ್ನ ಹಾಸಿಗೆಯ ಪಕ್ಕ ಕೂತು, “ಗುಮ್ಮಟದಾಗ ನಿನ್ನ ಹೆಸರ ಹಿಡದು ಕೂಗಿದ್ನಿ. ಏಳ ಸಲ ಬಂತು” ಎಂದಳು. ಜ್ವರದಲ್ಲೂ ನನಗೆ ಹೆಮ್ಮೆಯಾಗಿತ್ತು. ಅಷ್ಟು ದೊಡ್ಡ ಗುಮ್ಮಟಕ್ಕೆ ನನ್ನ ಹೆಸರು ಗೊತ್ತು ಎಂಬಂತೆ ವರ್ಷಗಟ್ಟಲೆ ಓಡಾಡಿದೆ.

ಅಕ್ಕನ ಗಾಡಿ ಮುಕ್ಕಾಲು ತಾಸು ತಡವಾಗಿ ಬಂತು. ಒಂದು ಕೈಯಲ್ಲಿ ಚಾದರದ ಗಂಟು, ಇನ್ನೊಂದರಲ್ಲಿ ಉಂಡಿ ಡಬ್ಬಿ, ಹೆಗಲಿಗೆ ನೇತುಬಿದ್ದ ಚೀಲದಲ್ಲಿ ಸೊಲ್ಲಾಪುರದ ಶೇಂಗಾ ಚಟ್ನಿ. ಊರು ನೋಡಲು ಬರುವವರು ಇಷ್ಟು ಹೊತ್ತು ತರುತ್ತಾರೇನೇ ಎಂದರೆ, “ತವರಿಗೆ ಬರಿಗೈಲೆ ಬರ್ತಾರೇನ?” ಎಂದಳು.

ಸ್ಟೇಷನ್ನಿನ ಹೊರಗೆ ಟಾಂಗಾದವರೂ ಆಟೊದವರೂ ಮುತ್ತಿದರು. ಇಡೀ ದಿನಕ್ಕೆ ಒಂದು ಆಟೊ ಮಾತಾಡಿದೆವು. ಚಾಲಕ ವಾಡಿಕೆಯಂತೆ ಗೋಳಗುಮ್ಮಟದ ಕಡೆ ತಿರುಗಿಸಿದ. ಅಕ್ಕ ಹಿಂದಿನಿಂದ ಅವನ ಸೀಟು ತಟ್ಟಿದಳು. “ಅದು ಎಲ್ಲಿಗೂ ಓಡಿ ಹೋಗಂಗಿಲ್ಲಪಾ. ಕಡೀಕ ನೋಡೂಣು.”

“ಎಲ್ಲಾರೂ ಅದನ್ನ ಮೊದಲ ನೋಡ್ತಾರ್ರೀ ಅವ್ವಾರ.”

“ನಾವು ಎಲ್ಲಾರೂ ಅಲ್ಲ.”

ನನಗೆ ಸೋಜಿಗವೆನಿಸಿದರೂ ಸುಮ್ಮನಾದೆ. ಅಕ್ಕ ಒಂದು ಹೇಳಿದ ಮೇಲೆ ಇನ್ನೊಂದು ಆಗುವುದಿಲ್ಲ. ಅದು ಬಾಗಲಕೋಟೆ ಮುಳುಗುವ ಮೊದಲಿನ ಕಾನೂನು.

ಹೀಗಾಗಿ ಊರಿನ ಪಶ್ಚಿಮದ ತುದಿಯಿಂದ, ಇಬ್ರಾಹಿಂ ರೋಜಾದಿಂದ ನಮ್ಮ ದಿನ ಶುರುವಾಯಿತು. ನಸುಮಳೆ ಬಂದು ನಿಂತಿತ್ತು. ಎದುರುಬದುರು ಎರಡು ಕಟ್ಟಡ, ನಡುವೆ ಕಾರಂಜಿಯ ಹೊಂಡ. ಒಂದು ಗೋರಿ, ಇನ್ನೊಂದು ಮಸೀದಿ. ಎರಡನೇ ಇಬ್ರಾಹಿಂ ಆದಿಲ್ ಶಾಹಿ ಇದನ್ನು ರಾಣಿ ತಾಜ್ ಸುಲ್ತಾನಳಿಗೆಂದು ಆರಂಭಿಸಿದ. 1627ರಲ್ಲಿ ಅವನೇ ತೀರಿಕೊಂಡು ಅದರೊಳಗೆ ಮಲಗಿದ. ‘ಜಗದ್ಗುರು’ ಎನಿಸಿಕೊಂಡ ಸುಲ್ತಾನ ಇವನು. ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದು ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ, ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟುಕೊಂಡಿದ್ದ. ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅಕ್ಷರ ಮಾಡಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಅಕ್ಕ ಬಹಳ ಹೊತ್ತು ಒಂದು ಕಿಟಕಿಗೆ ಮುಖವಿಟ್ಟು ನಿಂತಿದ್ದಳು. ಅಂದವನ್ನು ಸವಿಯುತ್ತಿದ್ದಾಳೆ ಎಂದುಕೊಂಡೆ. “ಧೂಳ ಹೆಂಗ ಝಾಡಸ್ತಿದ್ರೋ ಏನೋ” ಎಂದಳು.

ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು. ಬುರುಜಿನ ಮೇಲೆ ಮಲಗಿರುವ 55 ಟನ್ನಿನ ಲೋಹದ ಮೃಗ; ತೋಪಿನ ಬಾಯಿಯೇ ಸಿಂಹದ ಬಾಯಿ, ಅದರ ಹಲ್ಲುಗಳ ನಡುವೆ ಆನೆ. ಬಿಸಿಲಿಗೂ ಕಾಯುವುದಿಲ್ಲ ಎನ್ನುತ್ತಾರೆ. ನಮಗೆ ಬಿಸಿಲೇ ಸಿಗಲಿಲ್ಲ. ಇದನ್ನು ಎರಕ ಹೊಯ್ದದ್ದು ಇಲ್ಲಲ್ಲ, 1549ರಲ್ಲಿ ಅಹ್ಮದ್‌ನಗರದಲ್ಲಿ. 1854ರಲ್ಲಿ ಇಂಗ್ಲಿಷರು ಹರಾಜಿಗಿಟ್ಟಾಗ 150 ರೂಪಾಯಿಗೆ ಬಂದು ನಿಂತಿತಂತೆ. ಅಷ್ಟು ಕಡಿಮೆಗೆ ಕೊಡುವುದು ಬೇಡವೆಂದು ಹರಾಜನ್ನೇ ರದ್ದು ಮಾಡಿದರು. ನೂರೈವತ್ತಕ್ಕೆ ಕೊಂಡವನು ಅದನ್ನು ಮನೆಗೆ ಒಯ್ಯುವುದು ಹೇಗೆಂದು ಯೋಚಿಸಿದ್ದನೋ ಇಲ್ಲವೋ.

ಅಹ್ಮದ್‌ನಗರದಿಂದ ಈ ಊರಿಗೆ ತೋಪಷ್ಟೇ ಬರಲಿಲ್ಲ, ಸೊಸೆಯೂ ಬಂದಳು. ವಿಜಯನಗರದ ವಿರುದ್ಧ ಒಂದಾಗಬೇಕೆಂದು ದಖ್ಖನದ ಸುಲ್ತಾನರು ಬೀಗರಾದಾಗ ನಿಜಾಮಶಾಹಿಯ ಮಗಳು ಚಾಂದ್ ಬೀಬಿಯನ್ನು ಮೊದಲನೇ ಅಲಿ ಆದಿಲ್ ಶಾಹಿಗೆ ಕೊಟ್ಟರು. ಅಲಿಯ ಸೋದರಿ ಆ ಮನೆಗೆ ಹೋದಳು. ನಮ್ಮ ಕಡೆ ಇವತ್ತಿಗೂ ನಡೆಯುವ ಕೊಟ್ಟು ತರುವ ಸಂಬಂಧ. ಚಾಂದ್ ಬೀಬಿಯ ಜೊತೆ ವರದಕ್ಷಿಣೆಯಾಗಿ ಬಂದದ್ದು ಸೊಲ್ಲಾಪುರದ ಕೋಟೆ.

ಇದನ್ನು ಆಟೊದಲ್ಲಿ ಹೇಳಿದೆ. ಅಕ್ಕ ಕಣ್ಣರಳಿಸಿದಳು. “ಅಗ ಬಾಯಿ! ಸೊಲ್ಲಾಪುರ ವರದಕ್ಷಿಣಿಗೆ ಕೊಟ್ಟಿದ್ದೇನ? ನಮ್ಮಪ್ಪ ನನಗ ಒಂದ ಹೊಲಿಗಿ ಮಷೀನ್ ಕೊಟ್ಟಿದ್ದ, ಅದರ ಸಲುವಾಗಿ ನಮ್ಮತ್ತಿ ಹತ್ತು ವರ್ಷ ಮಾತಾಡಿದ್ಲು.”

ಚಾಂದ್ ಬೀಬಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಗಂಡ 1580ರಲ್ಲಿ ಸತ್ತ ಮೇಲೆ, ಆಗಿನ್ನೂ ಹುಡುಗನಾಗಿದ್ದ ಇಬ್ರಾಹಿಮನ ಪರವಾಗಿ ಇಲ್ಲಿ ರಾಜ್ಯಭಾರ ನೋಡಿಕೊಂಡಳು. ಮುಂದೆ ಮೊಗಲರು ಅಹ್ಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ ತವರಿನ ಕೋಟೆಯ ಮೇಲೆ ನಿಂತು ಕಾದವಳೂ ಅವಳೇ. ಒಮ್ಮೆ ಉಳಿಸಿದಳು. 1600ರಲ್ಲಿ ಮತ್ತೆ ಮುತ್ತಿಗೆ ಬಿದ್ದಾಗ ತನ್ನವರ ಕೈಯಿಂದಲೇ ಸತ್ತಳು. ಶಾಲೆಯಲ್ಲಿ ಇವಳನ್ನು ವೀರರಾಣಿಯರ ಸಾಲಿನಲ್ಲಿ ಓದಿದ್ದೆ. ಈಗ ಓದಿದರೆ ಬೇರೆಯೇ ಒಂದು ಕಾಣುತ್ತದೆ: ಕೊಟ್ಟ ಮನೆಯ ಕೆಲಸ ಮುಗಿಸಿ, ತವರು ಮುಳುಗುವಾಗ ಹೋಗಿ ನಿಂತ ಹೆಂಗಸು. ಅಕ್ಕನಿಗೆ ಈ ಭಾಗ ಹೇಳಿದಾಗ ಅವಳು ಏನೂ ಅನ್ನಲಿಲ್ಲ. ನಮ್ಮ ಮನೆ ಖಾಲಿ ಮಾಡಿದ ದಿನ ಅವಳಿಗೆ ಸೊಲ್ಲಾಪುರದಿಂದ ಬರಲಾಗಿರಲಿಲ್ಲ. ಅದು ನನಗೆ ನೆನಪಾದದ್ದು ಹೇಳಿಯಾದ ಮೇಲೆ.

ಉಪ್ಪಲಿ ಬುರುಜಿನ ಕೆಳಗೆ ಅಕ್ಕ ಗಟ್ಟಿಯಾಗಿ ಕೂತುಬಿಟ್ಟಳು. ಸುಮಾರು 80 ಅಡಿ ಎತ್ತರದ ದುಂಡನೆಯ ಗೋಪುರ, ಹೊರಮೈಗೆ ಸುತ್ತಿಕೊಂಡು ಏರುವ ಮೆಟ್ಟಿಲು. “ಮೊಣಕಾಲ ನೋಯ್ತಾವು, ನೀ ಹೋಗಿ ಬಾ.” ಹೋಗಿ ಬಂದೆ. ಮೇಲೆ ಮೂವತ್ತು ಅಡಿ ಉದ್ದದ ಒಂದು ತೋಪು, ಸುತ್ತ ಇಡೀ ಊರು, ಪೂರ್ವದಲ್ಲಿ ಮತ್ತೆ ಅದೇ ಗುಮ್ಮಟ. ಕೆಳಗೆ ಅಕ್ಕ ಆಟೊದವನಿಗೆ ಎಳ್ಳುಂಡಿ ಕೊಡುತ್ತಿರುವುದು ಕಂಡಿತು. ತಾಜ್ ಬಾವಡಿಯಲ್ಲಿ ಮಾತ್ರ ಅವಳು ನನಗಿಂತ ಮುಂದೆ ಹೋದಳು. ಇಳಿಯುವ ಮೆಟ್ಟಿಲಿಗೆ ಮೊಣಕಾಲು ನೋಯುವುದಿಲ್ಲವೇನೋ. ಕೆಲವು ವರ್ಷಗಳ ಹಿಂದೆ ಇಲ್ಲಿಯ ಹೂಳು ತೆಗೆದಿದ್ದಾರೆ. ಭಾರೀ ಕಮಾನಿನ ಕೆಳಗೆ ಹಸಿರು ನೀರು ಅಲುಗಾಡದೆ ನಿಂತಿತ್ತು. ಕಟ್ಟೆಯ ಮೇಲೆ ಕೂತು ಅಕ್ಕ ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಎಣಿಸತೊಡಗಿದಳು: ಹಿಟ್ಟಿನ ಗಿರಣಿ, ಅದರ ಪಕ್ಕ ಮಾಸ್ತರರ ಮನೆ, ಬೇವಿನ ಗಿಡ, ಆಮೇಲೆ ನಮ್ಮ ಕಟ್ಟೆ. ಒಂದು ಮನೆಯ ಬಗ್ಗೆ ಜಗಳವಾಯಿತು. ಅದು ಗಿಡದ ಈಚೆಗಿತ್ತು ಎಂದು ಅವಳು, ಆಚೆಗಿತ್ತು ಎಂದು ನಾನು. ಹೋಗಿ ನೋಡಿ ಬರುವಂತಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು.

ಊಟ ಒಂದು ಖಾನಾವಳಿಯಲ್ಲಿ. ಒಲೆಯ ಮೇಲಿಂದ ನೇರ ತಾಟಿಗೆ ಬರುವ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಅಗಸಿ ಹಿಂಡಿ, ಗಟ್ಟಿ ಮೊಸರು. ಬಡಿಸುವ ಹೆಣ್ಣುಮಗಳು “ಇನ್ನೊಂದು ಹಾಕಲೇನ್ರೀ” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಕುತ್ತಿದ್ದಳು. ಅಕ್ಕ ಮೂರು ರೊಟ್ಟಿ ತಿಂದಳು. ಬೇರೆಯವರು ಬಡಿದ ರೊಟ್ಟಿಯನ್ನು ಕೂತು ತಿಂದು ಎಷ್ಟು ದಿನವಾಗಿತ್ತೋ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊಟವಾದ ಮೇಲೆ ಹೋದದ್ದು ಜೋಡ ಗುಮ್ಮಟಕ್ಕೆ. ಇದು ನನ್ನ ಹಟ. ಪ್ರವಾಸಿಗರು ಹೆಚ್ಚಾಗಿ ಬಿಟ್ಟುಹೋಗುವ ಜಾಗವಿದು. ಇಂಗ್ಲಿಷರು ಇದಕ್ಕೆ ಇಟ್ಟ ಹೆಸರು ‘ಅಕ್ಕ-ತಂಗಿ’. ಪಕ್ಕಪಕ್ಕದಲ್ಲಿ ಎರಡು ಗುಮ್ಮಟ, ದೂರದಿಂದ ಒಂದೇ ಅಚ್ಚು. ಹತ್ತಿರ ಹೋದರೆ ಒಂದಕ್ಕೆ ಎಂಟು ಮೂಲೆ, ಇನ್ನೊಂದಕ್ಕೆ ನಾಲ್ಕು. ಒಳಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಎಂಟು ಮೂಲೆಯದರಲ್ಲಿ ಖಾನ್ ಮುಹಮ್ಮದ್ ಎಂಬ ಸೇನಾಪತಿ ಮತ್ತು ಅವನ ಮಗ ಖವಾಸ್ ಖಾನ್. ಅಪ್ಪ ಮೊಗಲರ ಜೊತೆ ಕೈಜೋಡಿಸಿದನೆಂಬ ಆರೋಪ ಹೊತ್ತು ಕೊಲೆಯಾದ. ಮಗ ಕೊನೆಯ ಸುಲ್ತಾನ ಸಿಕಂದರನ ಎಳೆತನದಲ್ಲಿ ಆಡಳಿತ ನಡೆಸಿ, ದರಬಾರಿನ ಒಳಜಗಳದಲ್ಲಿ ಮುಗಿದ. ಚೌಕದ ಕಟ್ಟಡದಲ್ಲಿರುವುದು ಅವರ ಗುರು ಅಬ್ದುಲ್ ರಜಾಕ್ ಖಾದಿರಿ. ಅಲ್ಲಿ ಇಂದಿಗೂ ಜನ ಹರಕೆ ಹೊತ್ತು ಬರುತ್ತಾರೆ.

1885ರಲ್ಲಿ ಇಂಗ್ಲಿಷರು ಜಿಲ್ಲಾ ಕೇಂದ್ರವನ್ನು ನಮ್ಮ ಕಲಾದಗಿಯಿಂದ ಎತ್ತಿ ವಿಜಾಪುರಕ್ಕೆ ತಂದಾಗ ಅಧಿಕಾರಿಗಳಿಗೆ ಬಂಗಲೆ ಸಾಲಲಿಲ್ಲ. ಹಾಳುಬಿದ್ದ ಮಹಲು, ಮಸೀದಿ, ಗೋರಿಗಳನ್ನೇ ಸುಣ್ಣ ಬಳಿದು ಕಚೇರಿ, ಮನೆ ಮಾಡಿಕೊಂಡರು. ಈ ಖಾನನ ಗೋರಿಯಲ್ಲಿ ಎಕ್ಸಿಕ್ಯುಟಿವ್ ಇಂಜಿನಿಯರ್ ಸಾಹೇಬರು ಸಂಸಾರ ಹೂಡಿದ್ದರು.

“ಇಂಜಿನಿಯರ್ ಗೋರ್‍ಯಾಗ ಇದ್ನಾ?” ಅಕ್ಕ ಮೇಲೆ ಕೆಳಗೆ ನೋಡಿದಳು. “ಸತ್ತವ್ರ ಮನಿ ಇದ್ದವ್ರಿಗೆ ಕೊಟ್ಟಾರ, ಇದ್ದವ್ರ ಮನಿ ನೀರಿಗೆ ಕೊಟ್ಟಾರ. ಎಲ್ಲಾ ಒಂದ ಡಿಪಾರ್ಟ್‌ಮೆಂಟ್ ಇರಬೇಕು ನೋಡು.”

ಮೆಟ್ಟಿಲ ಮೇಲೆ ಕೂತು ನಗುತ್ತಿದ್ದ ಇಬ್ಬರು ನಡುವಯಸ್ಸಿನ ಹೆಂಗಸರನ್ನು ನೋಡಿ ಕಾವಲಿನವನು ಎರಡು ಸಲ ಸುತ್ತು ಹಾಕಿ ಹೋದ.

ಬಾರಾ ಕಮಾನಿಗೆ ಹೋಗುವಾಗ ಮೂರೂವರೆ. ಎರಡನೇ ಅಲಿ ಆದಿಲ್ ಶಾಹಿ ತನಗೆಂದು ಶುರುಮಾಡಿಸಿದ ಗೋರಿ. 1672ರಲ್ಲಿ ಅವನು ಸತ್ತಾಗ ಕಮಾನುಗಳಷ್ಟೇ ಎದ್ದಿದ್ದವು. ಹದಿನಾಲ್ಕು ವರ್ಷದಲ್ಲಿ ರಾಜ್ಯವೇ ಔರಂಗಜೇಬನ ಕೈಸೇರಿತು. ಪೂರ್ತಿಯಾಗಿದ್ದರೆ ಇದರ ನೆರಳು ಅಪ್ಪನ ಗೋಳಗುಮ್ಮಟದ ಮೇಲೆ ಬೀಳುತ್ತಿತ್ತೆಂದು ಗೈಡುಗಳು ಹೇಳುತ್ತಾರೆ. ನೆರಳಿನ ಲೆಕ್ಕ ನನಗೇನೂ ಕೂಡಲಿಲ್ಲ. ಆದರೆ ಸೂರಿಲ್ಲದ ಕರಿಕಲ್ಲಿನ ಆ ಕಮಾನುಗಳ ನಡುವೆ, ಮಳೆ ತೊಳೆದ ಹುಲ್ಲಿನ ಮೇಲೆ ಸೊಲ್ಲಾಪುರದ ಹೊಸ ಚಾದರ ಹಾಸಿ ಕೂತಾಗ, ಮುಗಿದ ಕಟ್ಟಡಗಳಿಗಿಂತ ಇದೇ ಹೆಚ್ಚು ಹಿಡಿಸಿತು. ಇಲ್ಲಿ ಯಾರೂ ಬೂಟು ಬಿಡು, ಮಾತಾಡಬೇಡ ಎನ್ನುವುದಿಲ್ಲ. ಕಾಲೇಜು ಹುಡುಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಕ್ಕ ಶೇಂಗಾ ಉಂಡಿ ಮುರಿದು ಅರ್ಧ ನನಗೆ ಕೊಟ್ಟಳು.

“ಒಂದ ಮಾತ ಹೇಳ್ತೀನಿ. ಬೈಬ್ಯಾಡ.”

“ಹೇಳು.”

“ಗೋಳಗುಮ್ಮಟ ನಾ ಹತ್ತೇ ಇಲ್ಲ.”

ನನಗೆ ಒಮ್ಮೆಲೇ ತಿಳಿಯಲಿಲ್ಲ.

“ಸಾಳಿ ಟ್ರಿಪ್ಪಿನಾಗ. ಪಾವಟಿಗಿ ಕತ್ತಲಾಗಿದ್ದು. ಎರಡ ಅಂತಸ್ತ ಹತ್ತಿದ್ನಿ, ಎದಿ ಹೊಡಕೊಳ್ಳಾಕ ಹತ್ತಿತು. ಬಾಯಾರು ಕೆಳಗ ಕುಂಡ್ರಿಸಿ ಹೋದ್ರು. ಎಲ್ಲಾರೂ ಬರೂ ತನಕ ಹುಲ್ಲಿನ ಮ್ಯಾಲ ಕುಂತಿದ್ನಿ.”

“ಮತ್ತ ನನ್ನ ಹೆಸರು?”

“ನೀ ಜ್ವರದಾಗ ಮಲಗಿದ್ದಿ. ಏನರ ತಂದುಕೊಡಬೇಕಿತ್ತಲ್ಲ. ರೊಕ್ಕ ಇರಲಿಲ್ಲ.”

ನಲವತ್ತು ವರ್ಷದ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆಳಿಗ್ಗೆ ಆಟೊ ತಿರುಗಿಸಿದ್ದು, ಬುರುಜಿನ ಕೆಳಗೆ ಕೂತದ್ದು ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಗುಮ್ಮಟ ಬಿಟ್ಟು ಸೀದಾ ಸ್ಟೇಷನ್ನಿಗೆ ಹೋಗೋಣ, ಕಾಲು ನೋಯುತ್ತಿವೆ ಎಂದೆ. ನನ್ನ ಸುಳ್ಳು ಅವಳ ಸುಳ್ಳಿನಷ್ಟು ಚೆನ್ನಾಗಿರಲಿಲ್ಲ. ಅಕ್ಕ ಚಾದರ ಝಾಡಿಸಿ ಮಡಚಿದಳು. “ನಡಿ. ಆರಕ್ಕ ಬಾಗಲಾ ಹಾಕ್ತಾರಂತ.”

ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, 1892ರಷ್ಟು ಹಳೆಯದು. ಅದನ್ನು ಬಿಟ್ಟೆವು. ಒಳಗೆ ಹೋಗಿ ಕತ್ತೆತ್ತಿದರೆ ಮೊದಲು ಕಾಣುವುದು ಖಾಲಿ ಜಾಗ. ಹೊರಗಿನ ಅಳತೆಯಲ್ಲಿ 44 ಮೀಟರ್ ಅಡ್ಡಗಲದ ಗುಮ್ಮಟ, ಒಳಗೆ ಒಂದೂ ಕಂಬವಿಲ್ಲ. ನಡುವಿನ ಕಟ್ಟೆಯ ಮೇಲೆ ಮುಹಮ್ಮದ್ ಆದಿಲ್ ಶಾಹಿಯದೂ ಅವನ ಪತ್ನಿಯರದೂ, ನೆಚ್ಚಿನ ನರ್ತಕಿ ರಂಭಾಳದೂ ಗೋರಿಗಳಿವೆ. ದೇಹಗಳಿರುವುದು ಕೆಳಗಿನ ನೆಲಮಾಳಿಗೆಯಲ್ಲಿ. ಕಂಬವಿಲ್ಲದೆ ಇಷ್ಟು ಭಾರ ಹೇಗೆ ನಿಂತಿದೆ ಎಂದು ನಾನು ಓದಿಕೊಂಡು ಬಂದಿದ್ದೆ: ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಮೇಲೇರಿ, ಚೌಕದ ಕೋಣೆಯನ್ನು ದುಂಡಗಾಗಿಸಿ, ಗುಮ್ಮಟದ ಭಾರವನ್ನು ಗೋಡೆಗೆ ದಾಟಿಸುತ್ತವೆ. ಬಾಯಲ್ಲಿ ವಿವರಿಸಲು ಹೋಗಿ ತಡವರಿಸಿದೆ. ಅಕ್ಕ ಮೇಲೆ ನೋಡುತ್ತ ಬೆರಳಿನಿಂದ ಗಾಳಿಯಲ್ಲಿ ಗೀಟು ಎಳೆದಳು.

“ರಂಗೋಲಿ ಅಲ್ಲೇನ? ಒಂದ ಚೌಕ ಹಾಕಿ, ಅದರ ಮ್ಯಾಲ ಇನ್ನೊಂದ ಚೌಕ ತಿರುವಿ ಹಾಕೂದು. ನಡುವ ಎಂಟು ಮೂಲಿ ಬರ್ತಾವು, ಅದರಾಗ ದುಂಡ ತಗಿಯೂದು.”

ಹೌದು, ಅಷ್ಟೇ. ಪುಸ್ತಕದಲ್ಲಿ ಎರಡು ಪುಟ ತೆಗೆದುಕೊಂಡಿದ್ದರು.

ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಮಿನಾರುಗಳು, ಮೆಟ್ಟಿಲಿರುವುದು ಅವುಗಳೊಳಗೆ. ಇಕ್ಕಟ್ಟು, ಅರೆಗತ್ತಲು, ಒಂದೊಂದು ಮೆಟ್ಟಿಲೂ ಮೊಣಕಾಲುದ್ದ. ಇಳಿಯುವವರು ಎದುರಾದರೆ ಗೋಡೆಗೆ ಅಂಟಿಕೊಳ್ಳಬೇಕು. ಅಕ್ಕ ನನ್ನ ಸೆರಗು ಹಿಡಿದುಕೊಂಡಳು. ಎರಡನೇ ಅಂತಸ್ತಿನಲ್ಲಿ ನಿಂತು, “ಇಲ್ಲೇ” ಎಂದಳು. ಆಮೇಲೆ ಒಂದು ಮಾತೂ ಇಲ್ಲ, ಉಸಿರು ಮಾತ್ರ. ಪ್ರತಿ ಅಂತಸ್ತಿನ ಕಮಾನಿನ ಕಿಂಡಿಯಲ್ಲಿ ಗಾಳಿಗೆ ನಿಂತೆವು. ಊರು ಸ್ವಲ್ಪಸ್ವಲ್ಪ ಕೆಳಗೆ ಹೋಯಿತು. ಐದರಲ್ಲಿ ಒಬ್ಬ ಹುಡುಗ, “ಇನ್ನ ಎರಡ ಐತ್ರೀ ಆಂಟಿ” ಎಂದು ಹೇಳಿ ಇಳಿದುಹೋದ.

ಮೇಲೆ, ಗುಮ್ಮಟದ ಒಳಸುತ್ತಿನ ಕಟ್ಟೆಯ ಮೇಲೆ, ನಾನು ಕೇಳಿದ್ದ ಪಿಸುಮಾತಿನ ಪವಾಡದ ಸುಳಿವೇ ಇರಲಿಲ್ಲ. ಭಾನುವಾರದ ಜನ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಚಪ್ಪಾಳೆ ಹೊಡೆಯುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಒಂದೊಂದೂ ಏಳಾಗಿ ಮರಳಿ, ಯಾರ ದನಿ ಯಾರದೋ ಎಂಬ ಗದ್ದಲ. ಸಂತೆಯನ್ನೇ ಗಡಿಗೆಯೊಳಗೆ ಹಾಕಿ ಮುಚ್ಚಿದಂತಿತ್ತು. ಕೆಳಗೆ ಗೋರಿಗಳು ಬೆಂಕಿಪೆಟ್ಟಿಗೆಯಷ್ಟು. ಅಕ್ಕ ಕೆಳಗೆ ನೋಡಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತು, “ನೀ ಆ ಕಡಿ ಹೋಗು. ಬಂದ ಮ್ಯಾಲ ಕೇಳೂದು ಬಿಡಬಾರದು” ಎಂದಳು.

ಅರ್ಧ ಸುತ್ತು ನಡೆದು ಅವಳ ಎದುರಿಗೆ ಸರಿಯಾಗಿ ಬಂದು ಗೋಡೆಗೆ ಕಿವಿಯಿಟ್ಟೆ. ಗದ್ದಲವೇ ಗದ್ದಲ. ಕೈಬೀಸಿದೆ, ಅವಳೂ ಬೀಸಿದಳು. ಅಷ್ಟು ದೂರದಿಂದ ಅಕ್ಕ ಏಳನೇ ಇಯತ್ತೆಯ ಹುಡುಗಿಯಂತೆ ಸಣ್ಣಗೆ ಕಾಣುತ್ತಿದ್ದಳು. ಅಷ್ಟರಲ್ಲಿ ಗಾರ್ಡು ಬಾಗಿಲಲ್ಲಿ ನಿಂತು ಸೀಟಿ ಊದಿದ. ಸೀಟಿ ಗುಮ್ಮಟದಲ್ಲಿ ಸುತ್ತಿ ಸುತ್ತಿ ಬಂತು. ಜನ ನಗುತ್ತ ಬಾಗಿಲ ಕಡೆ ಸರಿದರು. ದನಿಗಳು ಒಂದೊಂದಾಗಿ ಇಂಗಿದವು. ಅರೆಗಳಿಗೆ ಅಲ್ಲಿ ಪಾರಿವಾಳದ ರೆಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ನನ್ನ ಕಿವಿಯ ಪಕ್ಕದ ಕಲ್ಲಿನಿಂದಲೇ ಬಂದಂತೆ, ಮೆಲ್ಲಗೆ, ಅಕ್ಕನ ದನಿ ಕೇಳಿತು.

“ಕಾಲ ನಡಗಾಕ ಹತ್ತ್ಯಾವು. ಬಂದು ಕರಕೊಂಡು ಹೋಗ.”

ಗಾರ್ಡು ಎರಡನೇ ಸೀಟಿ ಊದಿದ. ನಾನು ಅರ್ಧ ಸುತ್ತು ನಡೆದು ಅಕ್ಕನ ಕೈ ಹಿಡಿಯುವವರೆಗೂ ಅದು ಮರಳಿ ಮರಳಿ ಬರುತ್ತಲೇ ಇತ್ತು.